ಅಪೀಲಿಗೆ ಹೋಗುವುದು ಬರೆದಿಟ್ಟ ಮಾತು

ಮಂಡ್ಯದಲ್ಲಿ ಕಾನೂನು ವಿದ್ಯಾರ್ಥಿಗಳು, ಸ್ತ್ರೀಶಕ್ತಿ ಸಂಘದ ಹೆಣ್ಣುಮಕ್ಕಳು ಮತ್ತು ಸುತ್ತಲಿನ ಊರುಗಳ ಪಂಚಾಯ್ತಿ ಸದಸ್ಯರು ಸೇರಿದ್ದ ಸಭೆಯಲ್ಲಿ ಆಡಿದ ಮಾತುಗಳ ಬರಹ ರೂಪ ಇದು. ಕೊನೆಯಲ್ಲಿ ಬಂದ ಪ್ರಶ್ನೆಗಳನ್ನೂ ಸೇರಿಸಿದ್ದೇನೆ.

ಎಲ್ಲರಿಗೂ ನಮಸ್ಕಾರ.

ಗಂಡನ ಮನೆಯ ಕಿರುಕುಳ ತಾಳಲಾರದೆ ಒಬ್ಬಳು ಹೆಣ್ಣುಮಗಳು ಜೀವ ಕಳೆದುಕೊಳ್ಳುತ್ತಾಳೆ. ಕೇಸಾಗುತ್ತದೆ. ಸೆಷನ್ಸ್ ಕೋರ್ಟು ಗಂಡನಿಗೆ ಶಿಕ್ಷೆ ಕೊಡುತ್ತದೆ. ಎಷ್ಟೋ ವರ್ಷ ಕಳೆದ ಮೇಲೆ ಹೈಕೋರ್ಟು ಅವನನ್ನು ಬಿಡುಗಡೆ ಮಾಡುತ್ತದೆ. ಆಗ ಊರಿನಲ್ಲಿ ಕೇಳಿಬರುವುದು ಒಂದೇ ಮಾತು: "ದುಡ್ಡು ಚೆಲ್ಲಿ ಗೆದ್ದ." ಈ ಮಾತನ್ನು ನಾನು ಇಲ್ಲಿನ ಕೋರ್ಟಿನ ಆವರಣದಲ್ಲಿ ಬಹಳ ಸಲ ಕೇಳಿದ್ದೇನೆ. ಆಡಿದವರ ಸಂಕಟ ನನಗೆ ಅರ್ಥವಾಗುತ್ತದೆ. ಆದರೆ ಅಂಥ ಕಡತಗಳನ್ನು ಓದಿದಾಗ ಕಣ್ಣಿಗೆ ಬೀಳುವುದು ದುಡ್ಡಲ್ಲ. ಸಾವಾದ ಮೊದಲ ಒಂದೆರಡು ದಿನದಲ್ಲಿ ಬರೆಸಿಕೊಂಡ ಹೇಳಿಕೆಗಳು. ಅವಸರದಲ್ಲಿ ಬರೆದವು. ಓದದೆ ಸಹಿ ಹಾಕಿದವು. ಹೇಳಬೇಕಾದ್ದನ್ನು ಬಿಟ್ಟು, ಹೇಳಬಾರದ್ದನ್ನು ಸೇರಿಸಿದವು.

ಇವತ್ತು ನಾನು ಹೇಳಲು ಬಂದಿರುವುದು ಇಷ್ಟೇ. ಈ ಕೇಸುಗಳ ಅಪೀಲು ಬಹಳ ಮಟ್ಟಿಗೆ ಬೆಂಗಳೂರಿನಲ್ಲಿ ತೀರ್ಮಾನವಾಗುವುದಿಲ್ಲ. ಶವಾಗಾರದ ಮುಂದೆ, ಠಾಣೆಯ ಮೇಜಿನ ಮೇಲೆ, ಅದಕ್ಕೂ ಮುಂಚೆ ಊರಿನ ಪಂಚಾಯ್ತಿ ಕಟ್ಟೆಯಲ್ಲಿ ತೀರ್ಮಾನವಾಗಿಬಿಟ್ಟಿರುತ್ತದೆ.

ಅಪೀಲು ಅಂದರೆ ಇನ್ನೊಂದು ವಿಚಾರಣೆ ಅಂತ ಬಹಳ ಜನ ತಿಳಿದಿದ್ದಾರೆ. ಮತ್ತೆ ಸಾಕ್ಷಿ ಕರೆಯುತ್ತಾರೆ, ತಾಯಿ ಮತ್ತೆ ಕಟಕಟೆಯಲ್ಲಿ ನಿಂತು ಹೇಳಬಹುದು ಅಂತ. ಹಾಗಾಗುವುದು ತೀರಾ ಅಪರೂಪ. ಹೈಕೋರ್ಟಿನ ನ್ಯಾಯಮೂರ್ತಿಗಳ ಮುಂದೆ ಇರುವುದು ಕೆಳಗಿನ ಕೋರ್ಟಿನ ಕಡತ. ಸಾಕ್ಷಿ ಹೇಳಿದ್ದು, ಪಾಟೀಸವಾಲಿನಲ್ಲಿ ಒಪ್ಪಿದ್ದು, ಮಹಜರು, ಪೋಸ್ಟ್‌ಮಾರ್ಟಂ ವರದಿ, ದೂರು. ತಾಯಿಯ ಕಣ್ಣೀರನ್ನು ಕೆಳಗಿನ ನ್ಯಾಯಾಧೀಶರು ನೋಡಿರುತ್ತಾರೆ. ಮೇಲಿನವರು ನೋಡಿರುವುದಿಲ್ಲ. ಅವರು ಓದುತ್ತಾರೆ, ಅಷ್ಟೇ. ಕಾಗದದಲ್ಲಿ ಇಲ್ಲದ್ದು ಅವರ ಪಾಲಿಗೆ ನಡೆದೇ ಇಲ್ಲ.

ಕಾನೂನನ್ನು ಬೇಗ ಹೇಳಿ ಮುಗಿಸುತ್ತೇನೆ. 1983ರಲ್ಲಿ ಐಪಿಸಿಗೆ, ಅಂದರೆ ಭಾರತೀಯ ದಂಡ ಸಂಹಿತೆಗೆ, 498ಎ ಸೆಕ್ಷನ್ ಸೇರಿತು. ಗಂಡ ಅಥವಾ ಅವನ ಕಡೆಯವರು ಹೆಂಡತಿಯನ್ನು ಕ್ರೌರ್ಯಕ್ಕೆ ಗುರಿ ಮಾಡಿದರೆ ಮೂರು ವರ್ಷದವರೆಗೆ ಜೈಲು. 1986ರಲ್ಲಿ 304ಬಿ ಬಂತು. ಅದು ವರದಕ್ಷಿಣೆ ಸಾವು. ಕನಿಷ್ಠ ಏಳು ವರ್ಷ, ಜಾಸ್ತಿ ಅಂದರೆ ಜೀವಾವಧಿ. 306 ಬ್ರಿಟಿಷರ ಕಾಲದಿಂದಲೂ ಇತ್ತು. ಅದು ಆತ್ಮಹತ್ಯೆಗೆ ಪ್ರಚೋದನೆ. ಹತ್ತು ವರ್ಷದವರೆಗೆ ಶಿಕ್ಷೆ. 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆ ಬಂದಿದೆ. ಅದರಲ್ಲಿ 498ಎ ಬದಲು 85 ಮತ್ತು 86, 304ಬಿ ಬದಲು 80, 306 ಬದಲು 108. ಆ ದಿನಕ್ಕಿಂತ ಮುಂಚೆ ನಡೆದ ಘಟನೆಗಳಿಗೆ ಹಳೇ ಸೆಕ್ಷನ್ನೇ ಅನ್ವಯ. ನಿಮಗೆ ಕಿವಿಗೆ ಬಿದ್ದಿರುವುದೂ ಹಳೇ ನಂಬರೇ. ಹಾಗಾಗಿ ಅದನ್ನೇ ಬಳಸುತ್ತೇನೆ.

ಈ ಮೂರನ್ನೂ ಜನ ಒಂದೇ ಅಂದುಕೊಳ್ಳುತ್ತಾರೆ. ಒಂದೇ ಅಲ್ಲ. 498ಎ ಕೇಳುವುದು, ಅವಳು ಬದುಕಿದ್ದಾಗ ಅವಳನ್ನು ಹೇಗೆ ನಡೆಸಿಕೊಂಡರು ಅಂತ. 306 ಕೇಳುವುದು ಬೇರೆ: ಅವಳ ಸಾವಿಗೂ ಅವನು ಮಾಡಿದ್ದಕ್ಕೂ ನಂಟು ಏನು? ಅವಳು ಸಾಯಲಿ ಎನ್ನುವ ಮನಸ್ಸು ಅವನಿಗಿತ್ತಾ? ಅವಳಿಗೆ ಬೇರೆ ದಾರಿಯೇ ಉಳಿಯದ ಹಾಗೆ ಮಾಡಿದನಾ? 304ಬಿಯಲ್ಲಿ ವರದಕ್ಷಿಣೆಯ ಬೇಡಿಕೆ ಇರಬೇಕು. ಮದುವೆಯಾಗಿ ಏಳು ವರ್ಷದೊಳಗೆ ಸಾವು ಆಗಿರಬೇಕು. ಸಾವಿನ ಹತ್ತಿರದ ದಿನಗಳಲ್ಲಿ ಆ ಬೇಡಿಕೆಗಾಗಿ ಹಿಂಸೆ ಆಗಿರಬೇಕು.

"ಹತ್ತಿರದ ದಿನ" ಅಂದರೆ ಎಷ್ಟು ಅಂತ ಪ್ರತಿ ಅಪೀಲಿನಲ್ಲೂ ಜಗ್ಗಾಟ ನಡೆಯುತ್ತದೆ. 2021ರಲ್ಲಿ ಹರಿಯಾಣದ ಒಂದು ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಇದನ್ನು ಸ್ಪಷ್ಟ ಮಾಡಿತು. ಸಾವಿನ ಹಿಂದಿನ ದಿನವೇ ಹೊಡೆದಿರಬೇಕು ಅಂತಿಲ್ಲ. ಹಿಂಸೆಗೂ ಸಾವಿಗೂ ನಡುವೆ ಜೀವಂತ ಕೊಂಡಿ ಇರಬೇಕು. ಮಜಾ ನೋಡುವುದಕ್ಕಲ್ಲ, ಕಲಿಯುವುದಕ್ಕೆ ಹೇಳುತ್ತೇನೆ: ಅದೇ ತೀರ್ಪಿನಲ್ಲಿ 304ಬಿ ಶಿಕ್ಷೆ ಉಳಿಯಿತು, 306 ಬಿದ್ದುಹೋಯಿತು. ಅಲ್ಲಿ ಅದು ಆತ್ಮಹತ್ಯೆ ಅಂತ ಸಾಬೀತು ಮಾಡಲು ಪ್ರಾಸಿಕ್ಯೂಷನ್ನಿಗೆ, ಅಂದರೆ ಕೇಸು ನಡೆಸುವ ಸರ್ಕಾರದ ಕಡೆಗೆ, ಆಗಿರಲಿಲ್ಲ.

ಇನ್ನೊಂದು ವ್ಯತ್ಯಾಸ ಇದೆ. ಕಾನೂನು ಓದುವ ಮಕ್ಕಳು ಇದನ್ನು ಬರೆದುಕೊಳ್ಳಿ. ವರದಕ್ಷಿಣೆ ಸಾವಿನಲ್ಲಿ ಈ ಎಲ್ಲ ಅಂಶ ಸಾಬೀತಾದರೆ ಕೋರ್ಟು ಗಂಡನನ್ನೇ ಹೊಣೆ ಅಂತ ಊಹಿಸಲೇಬೇಕು. ಅದು ಹಳೇ ಸಾಕ್ಷ್ಯ ಕಾಯ್ದೆಯ 113ಬಿ. ಆತ್ಮಹತ್ಯೆಯ ಪ್ರಚೋದನೆಯಲ್ಲಿ, 113ಎ ಪ್ರಕಾರ, ಮದುವೆಯಾಗಿ ಏಳು ವರ್ಷದೊಳಗೆ ಸಾವಾಗಿದ್ದು ಕ್ರೌರ್ಯ ಸಾಬೀತಾಗಿದ್ದರೆ ಕೋರ್ಟು ಹಾಗೆ ಊಹಿಸಬಹುದು. ಊಹಿಸಲೇಬೇಕು ಅಂತಿಲ್ಲ. ಉಳಿದ ಎಲ್ಲ ಸಂದರ್ಭವನ್ನೂ ನೋಡಬೇಕು. ಬಹಳಷ್ಟು ಅಪೀಲುಗಳು ತಿರುಗುವುದು ಇಲ್ಲೇ.

2001ರಲ್ಲಿ ಛತ್ತೀಸ್‌ಗಢದ ಒಂದು ಕೇಸು ಸುಪ್ರೀಂ ಕೋರ್ಟಿಗೆ ಬಂತು. ಮದುವೆಯಾಗಿ ಒಂದು ವರ್ಷವೂ ತುಂಬಿರಲಿಲ್ಲ. ಜಗಳದಲ್ಲಿ ಗಂಡ, ನಿನಗೆ ಏನು ಬೇಕೋ ಮಾಡಿಕೋ, ಎಲ್ಲಿಗೆ ಬೇಕಾದರೂ ಹೋಗು ಅಂದಿದ್ದ. ಅವಳು ಜೀವ ಬಿಟ್ಟಳು. ಸಿಟ್ಟಿನ ಭರದಲ್ಲಿ, ಪರಿಣಾಮ ಬಯಸದೆ ಆಡಿದ ಮಾತನ್ನು ಪ್ರಚೋದನೆ ಅನ್ನಲಾಗದು ಎಂದಿತು ಕೋರ್ಟು. 306ರಿಂದ ಬಿಟ್ಟಿತು. ಆದರೆ 498ಎ ಶಿಕ್ಷೆಯನ್ನು ಹಾಗೇ ಉಳಿಸಿತು. ಇವತ್ತಿಗೂ 306ರ ಅಪೀಲುಗಳಲ್ಲಿ ಆರೋಪಿಯ ವಕೀಲರು ಮೊದಲು ತೆರೆಯುವ ತೀರ್ಪುಗಳಲ್ಲಿ ಇದೂ ಒಂದು. 2024ರ ಡಿಸೆಂಬರಿನಲ್ಲಿ ಗುಜರಾತಿನ ಪ್ರಕರಣದಲ್ಲೂ ಇದೇ ಹಾದಿ. ಮದುವೆಯಾಗಿ ಹನ್ನೆರಡು ವರ್ಷವಾಗಿತ್ತು. ಒಡವೆ ಮಾರಿದ ಜಗಳ ಸಾವಿಗಿಂತ ಬಹಳ ಹಿಂದಿನದು. 306ರಿಂದ ಗಂಡನನ್ನೂ ಅತ್ತೆ ಮಾವನನ್ನೂ ಕೈಬಿಟ್ಟರು. 498ಎ ವಿಚಾರಣೆ ನಡೆಯಲಿ ಎಂದರು.

ಇಂಥ ತೀರ್ಪು ಬಂದಾಗ ಸುದ್ದಿ ಹೇಗೆ ಬರುತ್ತದೆ? "ಪತ್ನಿ ಆತ್ಮಹತ್ಯೆ ಪ್ರಕರಣ: ಪತಿ ಖುಲಾಸೆ." ತವರಿನವರು ಅದನ್ನು ಓದಿ, ನಮ್ಮ ಮಗಳು ಸುಮ್ನೆ ಸತ್ತಳು ಅಂತ ಕೋರ್ಟು ಹೇಳಿತು ಅಂದುಕೊಳ್ಳುತ್ತಾರೆ. ಕೋರ್ಟು ಹಾಗೆ ಹೇಳಿರುವುದಿಲ್ಲ. ಅವಳನ್ನು ಹಿಂಸಿಸಿದ್ದು ನಿಜ ಅಂತ ತೀರ್ಪಿನ ನಡುವೆ ಸ್ಪಷ್ಟವಾಗಿ ಬರೆದಿರಬಹುದು. ದಯವಿಟ್ಟು ತೀರ್ಪನ್ನು ಪೂರ್ತಿ ಓದಿಸಿಕೊಳ್ಳಿ. ಸಾವಿನ ಹೊಣೆ ಮತ್ತು ಹಿಂಸೆಯ ಹೊಣೆ ಎರಡನ್ನೂ ಬೇರೆ ಬೇರೆ ತೂಗುವುದು ಸರಿ ಅಂತಲೇ ನನಗೆ ಅನ್ನಿಸುತ್ತದೆ. ಆದರೆ ವರ್ಷಗಟ್ಟಲೆ ಒಬ್ಬಳನ್ನು ಗೋಳುಹೊಯ್ದುಕೊಂಡವನಿಗೆ ಜಾಸ್ತಿ ಅಂದರೆ ಮೂರು ವರ್ಷ ಎನ್ನುವುದು ಕಡಿಮೆ. ಹಿಂಸೆಗೇ ತಕ್ಕ ಶಿಕ್ಷೆ ಇದ್ದಿದ್ದರೆ, ಸಾಬೀತಾಗದ 306ಕ್ಕೆ ಎಲ್ಲರೂ ಹೀಗೆ ಜೋತುಬೀಳಬೇಕಾಗಿರಲಿಲ್ಲ.

ಈಗ ಆ ಮೊದಲ ಹೇಳಿಕೆಯ ವಿಷಯ. ಇವತ್ತು ಬೇರೆ ಎಲ್ಲ ಮರೆತರೂ ಇದನ್ನು ಮರೆಯಬೇಡಿ.

ಮಳವಳ್ಳಿ ಕಡೆಯ ಹುಡುಗಿಯನ್ನು ಶ್ರೀರಂಗಪಟ್ಟಣದ ಕಡೆಗೆ ಕೊಟ್ಟಿದ್ದಾರೆ ಅಂತ ಇಟ್ಟುಕೊಳ್ಳಿ. ಸಂಜೆ ಫೋನು ಬರುತ್ತದೆ. "ನಿಮ್ಮ ಮಗಳಿಗೆ ಹುಷಾರಿಲ್ಲ, ಬನ್ನಿ." ಟೆಂಪೋ ಮಾಡಿಕೊಂಡು ಹೋಗುತ್ತಾರೆ. ಮಗಳು ಶವಾಗಾರದಲ್ಲಿದ್ದಾಳೆ. ಮದುವೆಯಾಗಿ ಏಳು ವರ್ಷದೊಳಗೆ ಆದ ಸಾವಾದರೆ ಶವ ತನಿಖೆಯನ್ನು ತಾಲೂಕು ದಂಡಾಧಿಕಾರಿ, ಅಂದರೆ ತಹಸೀಲ್ದಾರರು ನಡೆಸುತ್ತಾರೆ. ಅವರ ಮುಂದೆ ತಂದೆ ತಾಯಿಯ ಹೇಳಿಕೆ ಆಗಬೇಕು. ತಂದೆಗೆ ಮಾತೇ ಹೊರಡುತ್ತಿಲ್ಲ. ತಾಯಿ ಪ್ರಜ್ಞೆ ತಪ್ಪಿದ್ದಾಳೆ. ಊರಿನ ಹಿರಿಯರೊಬ್ಬರು ಹೇಳುತ್ತಾರೆ, "ಮೊದಲು ಹೆಣ ಬಿಡಿಸಿಕೊಳ್ಳೋಣ. ಕೇಸು ಆಮೇಲೆ ನೋಡಿದರಾಯಿತು." ಆಗ ಬರೆಯುವ ಸಾಲು ಯಾವುದು ಗೊತ್ತಾ? "ನನ್ನ ಮಗಳು ಜೀವನದಲ್ಲಿ ಜಿಗುಪ್ಸೆಗೊಂಡು ಮೃತಪಟ್ಟಿದ್ದು, ಸಾವಿನಲ್ಲಿ ಯಾರ ಮೇಲೂ ಅನುಮಾನ ಇರುವುದಿಲ್ಲ." ತಂದೆ ಸಹಿ ಹಾಕುತ್ತಾನೆ. ಯುಡಿಆರ್, ಅಂದರೆ ಅಸಹಜ ಸಾವಿನ ವರದಿ, ಆಗುತ್ತದೆ. ಮಣ್ಣು ಮಾಡಿ ಬರುತ್ತಾರೆ.

ಮೂರನೇ ದಿನ ಹಾಲುತುಪ್ಪ ಬಿಟ್ಟ ಮೇಲೆ ಮನೆಯಲ್ಲಿ ಎಲ್ಲರೂ ಕೂರುತ್ತಾರೆ. ಆಗ ಒಂದೊಂದೇ ಹೊರಗೆ ಬರುತ್ತದೆ. ತಂಗಿಗೆ ಹೇಳಿದ್ದು, ಗೌರಿ ಹಬ್ಬಕ್ಕೆ ಬಂದಾಗ ಅತ್ತಿದ್ದು, ಬೈಕಿಗೆ ದುಡ್ಡು ಕೇಳಿದ್ದು. ದೂರು ಕೊಡುತ್ತಾರೆ. ಆ ದೂರು ಪೂರ್ತಿ ನಿಜ. ಆದರೆ ಕಡತದಲ್ಲಿ ಅದಕ್ಕಿಂತ ಮುಂಚೆ ಬಂದು ಕೂತಿದೆ, "ಯಾರ ಮೇಲೂ ಅನುಮಾನ ಇಲ್ಲ." ಪಾಟೀಸವಾಲಿನಲ್ಲಿ ಆ ಒಂದೇ ಸಾಲನ್ನು ತಂದೆಯ ಮುಂದೆ ಹಿಡಿಯುತ್ತಾರೆ. ಸಹಿ ನಿಮ್ಮದೇನಾ? ನಮ್ಮದೇ. ಓದಿ ಹಾಕಿದಿರಾ? ಹೌದು. ಕೆಳಗಿನ ಕೋರ್ಟು ತಂದೆಯ ಮುಖ ನೋಡಿ, ಆ ದಿನದ ಸ್ಥಿತಿ ಅರ್ಥ ಮಾಡಿಕೊಂಡು ನಂಬಬಹುದು. ಅಪೀಲಿನಲ್ಲಿ ಆ ಸಾಲು ಮಾತ್ರ ಎದ್ದು ಕಾಣುತ್ತದೆ.

ಪಂಚಾಯ್ತಿ ಸದಸ್ಯರೇ, ಇದು ನಿಮ್ಮನ್ನು ಉದ್ದೇಶಿಸಿ ಹೇಳುತ್ತಿರುವುದು. ಅವತ್ತು ಆ ಮನೆಯವರ ಜೊತೆ ನಿಲ್ಲುವವರು ನೀವು. ಕೇಸು ಕೊಡಿ ಅಂತಲೂ ಹೇಳಬೇಡಿ, ಬೇಡ ಅಂತಲೂ ಹೇಳಬೇಡಿ. ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಅಂತಲೇ ಬರೆಸಿ. "ಸಾವಿನ ಕಾರಣ ತಿಳಿಯಬೇಕು, ತನಿಖೆ ಮಾಡಿ, ವಿವರವಾದ ಹೇಳಿಕೆ ಆಮೇಲೆ ಕೊಡುತ್ತೇವೆ" ಅಂತ ಬರೆಸಿದರೆ ಯಾರೂ ಶವ ಇಟ್ಟುಕೊಳ್ಳುವುದಿಲ್ಲ. ಪೋಸ್ಟ್‌ಮಾರ್ಟಂ ಆದ ಮೇಲೆ ಕೊಟ್ಟೇ ಕೊಡುತ್ತಾರೆ. ಸಹಿಗೆ ಮುಂಚೆ ಗಟ್ಟಿಯಾಗಿ ಓದಿಸಿ. ದೂರು ದಾಖಲಾದರೆ ಎಫ್‌ಐಆರ್ ಪ್ರತಿಯನ್ನು ದೂರುದಾರರಿಗೆ ಪುಕ್ಕಟೆ ಕೊಡಬೇಕು. ಅದು ಕಾನೂನು. ಕೇಳಿ ಪಡೆಯಿರಿ.

ಇದರ ಇನ್ನೊಂದು ಮುಖವೂ ಇದೆ. ಪೊಲೀಸರ ಮುಂದೆ ಹೇಳದೆ ಇದ್ದದ್ದನ್ನು ಕೋರ್ಟಿನಲ್ಲಿ ಹೊಸದಾಗಿ ಹೇಳುವುದು. "ಮದುವೆಯಲ್ಲಿ ಐವತ್ತು ಗ್ರಾಂ ಚಿನ್ನ ಕೇಳಿದ್ದರು" ಅಂತ ತಂದೆ ಕಟಕಟೆಯಲ್ಲಿ ಹೇಳುತ್ತಾನೆ. ಮೊದಲ ಹೇಳಿಕೆಯಲ್ಲಿ ಚಿನ್ನದ ಮಾತೇ ಇಲ್ಲ. ಮುಖ್ಯವಾದ ವಿಷಯ ಬಿಟ್ಟುಹೋಗಿದ್ದರೆ ಅದನ್ನು ವಿರೋಧಾಭಾಸ ಅಂತಲೇ ಎಣಿಸಲು ಕಾನೂನಿನಲ್ಲಿ ಅವಕಾಶ ಇದೆ. ಒಂದು ಮಾತು ಹೀಗೆ ಬಿದ್ದರೆ ಪಕ್ಕದ ನಾಲ್ಕು ನಿಜವಾದ ಮಾತುಗಳಿಗೂ ಮಸಿ ಹತ್ತುತ್ತದೆ. "ತುಂಬಾ ಕಿರುಕುಳ ಕೊಡುತ್ತಿದ್ದರು" ಅನ್ನುವ ವಾಕ್ಯಕ್ಕೆ ಅಪೀಲಿನಲ್ಲಿ ಬೆಲೆ ಕಡಿಮೆ. ಯಾವಾಗ, ಯಾರು, ಏನು ಮಾಡಿದರು, ಯಾರು ನೋಡಿದರು? ತಾರೀಖು ನೆನಪಿಲ್ಲದಿದ್ದರೆ ಹಬ್ಬ ಹೇಳಿ, ಜಾತ್ರೆ ಹೇಳಿ, ಕಬ್ಬು ಕಟಾವಿನ ಸಮಯ ಅಂತ ಹೇಳಿ. ಅದು ಕಾಗದದ ಮೇಲೆ ನಿಲ್ಲುತ್ತದೆ.

ಆಂಧ್ರದ ಒಂದು ಕೇಸು ನನಗೆ ತುಂಬಾ ಮುಖ್ಯ. 2002ರಲ್ಲಿ ಸುಪ್ರೀಂ ಕೋರ್ಟಿನ ಮೂವರು ನ್ಯಾಯಮೂರ್ತಿಗಳು ತೀರ್ಪು ಕೊಟ್ಟರು. ಮದುವೆಯಲ್ಲಿ ಹುಡುಗಿಗೆ ಅರಿಶಿನ ಕುಂಕುಮಕ್ಕೆಂದು ಜಮೀನು ಕೊಟ್ಟಿದ್ದರು. ಅದನ್ನು ತನ್ನ ಹೆಸರಿಗೆ ಮಾಡು ಅಂತ ಗಂಡ ಪೀಡಿಸಿದ. ಅವನು ಊರಿನ ಅಂಚೆ ಕಚೇರಿಯಲ್ಲಿದ್ದ. ಅವಳಿಗೆ ಬಂದ ಪತ್ರಗಳನ್ನು ಅವಳಿಗೆ ಕೊಡದೆ ಬಚ್ಚಿಟ್ಟಿದ್ದ. ಅವು ಅವಳ ಕೈಗೆ ಸಿಕ್ಕವು. ತಂದೆಗೆ ಕೊಟ್ಟಳು. ಗಂಡ ಅವಳನ್ನು ಮನೆಯಿಂದ ಹೊರಗೆ ಹಾಕಿದ. ಅವಳು ಬದುಕಲಿಲ್ಲ. ಅವಳದೇ ಜಮೀನನ್ನು ಕೇಳಿದ್ದು ವರದಕ್ಷಿಣೆಯ ಬೇಡಿಕೆ ಅಲ್ಲ ಅಂತ 304ಬಿ ನಿಲ್ಲಲಿಲ್ಲ. 306ರ ಆರೋಪವನ್ನು ಬೇರೆಯಾಗಿ ಹೊರಿಸಿಯೇ ಇರಲಿಲ್ಲ. ಹುಡುಗಿಯ ಕಡೆಯವರು ಬಿಡಲಿಲ್ಲ. ಸುಪ್ರೀಂ ಕೋರ್ಟು ನೋಡಿದ್ದು ಇಷ್ಟು: ಆರೋಪ ಪಟ್ಟಿಯಲ್ಲಿ ಸೆಕ್ಷನ್ನಿನ ನಂಬರು ಇಲ್ಲ, ಆದರೆ ಸಂಗತಿಗಳೆಲ್ಲ ಬರೆದಿವೆ. ಗಂಡನಿಗೆ ಅವುಗಳಿಗೆ ಉತ್ತರ ಕೊಡುವ ಅವಕಾಶ ಸಿಕ್ಕಿದೆ. ಹಾಗಾಗಿ 113ಎ ಊಹೆಯ ಬಲದಿಂದ 306ರ ಕೆಳಗೆ ಶಿಕ್ಷೆ ಕೊಟ್ಟಿತು. ಸೆಕ್ಷನ್ನು ತಪ್ಪಾಗಿದ್ದರೂ ಕೇಸು ಉಳಿಯಿತು. ಪತ್ರ, ಜಮೀನು, ಹೊರಗೆ ಹಾಕಿದ ಘಟನೆ ಕಡತದಲ್ಲಿ ಇದ್ದದ್ದರಿಂದ ಉಳಿಯಿತು.

ಸತ್ತವಳು ಕೋರ್ಟಿಗೆ ಬಂದು ಹೇಳಲಾರಳು. ಹಾಗಾದರೆ ತಾಯಿಗೆ ಫೋನಿನಲ್ಲಿ ಹೇಳಿದ್ದು ಸಾಕ್ಷಿಯಾಗುತ್ತದಾ? ಸಾಮಾನ್ಯವಾಗಿ ಕೇಳಿದ ಮಾತು ಸಾಕ್ಷಿಯಲ್ಲ. ಆದರೆ ಸಾವಿನ ಕಾರಣವೇ ಪ್ರಶ್ನೆಯಾಗಿರುವಾಗ, ಸತ್ತವರು ಆ ಸಂದರ್ಭದ ಬಗ್ಗೆ ಹೇಳಿದ್ದನ್ನು ಒಪ್ಪಬಹುದು. ಸಾಯುತ್ತೇನೆ ಅಂತ ಗೊತ್ತಿದ್ದೇ ಹೇಳಿರಬೇಕು ಅಂತ ಇಂಗ್ಲೆಂಡಿನಲ್ಲಿತ್ತು. ನಮ್ಮಲ್ಲಿ ಅದು ಬೇಕಿಲ್ಲ ಅಂತ, ಬ್ರಿಟಿಷರ ಕಾಲದಲ್ಲಿ ನಮ್ಮ ಕೊನೆಯ ಅಪೀಲು ಹೋಗುತ್ತಿದ್ದ ಲಂಡನ್ನಿನ ಪ್ರೀವಿ ಕೌನ್ಸಿಲ್ 1939ರಲ್ಲೇ ಪಕಾಲ ನಾರಾಯಣ ಸ್ವಾಮಿ ಪ್ರಕರಣದಲ್ಲಿ ಹೇಳಿತು. ಇದು ದೊಡ್ಡ ಆಸರೆ. ಸಾಯುವ ತಿಂಗಳು ಮುಂಚೆ ತವರಿಗೆ ಬರೆದ ಪತ್ರಕ್ಕೂ ಜಾಗ ಸಿಕ್ಕಿತು.

ಆದರೆ ಇಲ್ಲೊಂದು ತೊಡಕು ಇಪ್ಪತ್ತು ವರ್ಷ ಕಾಡಿತು. 304ಬಿ ಅಥವಾ 306ರಿಂದ ಗಂಡ ಬಿಡುಗಡೆಯಾದ ಅಂದುಕೊಳ್ಳಿ. ಉಳಿದದ್ದು 498ಎ. ಅದರಲ್ಲಿ ಸಾವಿನ ಕಾರಣ ಪ್ರಶ್ನೆಯೇ ಅಲ್ಲ, ಆದ್ದರಿಂದ ಅವಳು ತಾಯಿಗೆ ಹೇಳಿದ ಮಾತನ್ನು ನೋಡುವಂತಿಲ್ಲ ಅಂತ 2001, 2002ರ ತೀರ್ಪುಗಳು ಹೇಳಿದ್ದವು. ಇದರ ಪರಿಣಾಮ ಏನು? ನಾಲ್ಕು ಗೋಡೆಯ ನಡುವಿನ ಹಿಂಸೆಗೆ ಅವಳ ಮಾತೊಂದೇ ಸಾಕ್ಷಿ. ಅವಳು ಬದುಕಿದ್ದರೆ ಬಂದು ಹೇಳುತ್ತಿದ್ದಳು. ಸತ್ತದ್ದರಿಂದ ಆ ಮಾತಿಗೂ ಬೆಲೆ ಹೋಯಿತು. 2022ರ ಮೇ ತಿಂಗಳಲ್ಲಿ ಕೇರಳದ ಅಪೀಲಿನಲ್ಲಿ ಸುಪ್ರೀಂ ಕೋರ್ಟಿನ ಮೂವರು ನ್ಯಾಯಮೂರ್ತಿಗಳ ಪೀಠ ಇದನ್ನು ಸರಿಮಾಡಿತು. ವಿಚಾರಣೆಯಲ್ಲಿ ಸಾವಿನ ಕಾರಣ ಪ್ರಶ್ನೆಗೆ ಬಂದಿದ್ದರೆ ಸಾಕು, ಸತ್ತ ಹೆಂಡತಿಯ ಮಾತನ್ನು 498ಎಗೂ ಪರಿಗಣಿಸಬಹುದು ಅಂತ ಹೇಳಿತು. ಹಳೇ ತೀರ್ಪುಗಳನ್ನು ಆ ಮಟ್ಟಿಗೆ ತಳ್ಳಿಹಾಕಿತು. ಈ ತೀರ್ಪು ಓದಿದ ದಿನ ನನಗೆ ನಿಜವಾಗಿ ಸಮಾಧಾನ ಆಯಿತು. ಹಳೇ ಅಪೀಲು ಬಾಕಿ ಇರುವವರು ನಿಮ್ಮ ವಕೀಲರಿಗೆ ಇದನ್ನು ನೆನಪಿಸಿ.

ಮಾತು ಈಗ ಫೋನಿನಲ್ಲಿ ಉಳಿಯುತ್ತದೆ. ವಾಯ್ಸ್ ಮೆಸೇಜು, ವಾಟ್ಸ್ಯಾಪ್. ಮನೆಯವರು ಸ್ಕ್ರೀನ್‌ಶಾಟ್ ತೆಗೆದು ನೆಂಟರಿಗೆಲ್ಲ ಕಳಿಸುತ್ತಾರೆ. ಆಮೇಲೆ ಅದೇ ಫೋನನ್ನು ತಮ್ಮನಿಗೆ ಕೊಟ್ಟು ರೀಸೆಟ್ ಮಾಡಿಸುತ್ತಾರೆ. ಹಾಗೆ ಮಾಡಬೇಡಿ. ಮೂಲ ಫೋನನ್ನು ಮಹಜರು ಮಾಡಿಸಿ ತನಿಖಾಧಿಕಾರಿಗೆ ಒಪ್ಪಿಸಿ. ಪ್ರತಿ ಮಾತ್ರ ಕೋರ್ಟಿಗೆ ಹೋಗುವುದಾದರೆ ಅದರ ಜೊತೆ ಕಾನೂನು ಕೇಳುವ ಪ್ರಮಾಣಪತ್ರ ಇರಲೇಬೇಕು. ಅದಿಲ್ಲದೆ ಎಷ್ಟು ನಿಜವಾದ ಮೆಸೇಜಾದರೂ ಅಪೀಲಿನಲ್ಲಿ ಉದುರಿಹೋಗುತ್ತದೆ.

ಇನ್ನು ಕಹಿಯಾದ ಮಾತು. ದೂರಿನಲ್ಲಿ ಎಲ್ಲರ ಹೆಸರು ಸೇರಿಸುವುದು. ಗಂಡ, ಅತ್ತೆ, ಮಾವ, ಮೈದುನ, ಮದುವೆಯಾಗಿ ಬೇರೆ ಊರಿನಲ್ಲಿರುವ ನಾದಿನಿ, ಅವಳ ಗಂಡ. ದುಃಖದಲ್ಲಿ ಹಾಗೆ ಅನ್ನಿಸುವುದು ಸಹಜ. ಆದರೆ ಬೆಂಗಳೂರಿನಲ್ಲಿ ಓದುತ್ತಿದ್ದ ನಾದಿನಿ ದಿನಾ ಹೊಡೆಯುತ್ತಿದ್ದಳು ಅಂತ ಬರೆಸಿದರೆ, ಅದು ಸುಳ್ಳು ಅಂತ ತೋರಿಸುವುದು ಸುಲಭ. ಆಮೇಲೆ ಗಂಡನ ಬಗ್ಗೆ ಹೇಳಿದ ನಿಜವನ್ನೂ ಅನುಮಾನದಿಂದಲೇ ನೋಡುತ್ತಾರೆ. ಅದಕ್ಕಿಂತ ಮುಖ್ಯ, ತಪ್ಪು ಮಾಡದ ಹುಡುಗಿಯೊಬ್ಬಳ ಬದುಕು ಕೋರ್ಟಿನಲ್ಲಿ ಕಳೆದುಹೋಗುತ್ತದೆ. ಅವಳೂ ಒಬ್ಬರ ಮಗಳೇ ಅಲ್ವಾ?

2024ರ ಡಿಸೆಂಬರಿನಲ್ಲಿ ತೆಲಂಗಾಣದ ಒಂದು ಪ್ರಕರಣದಲ್ಲಿ ನ್ಯಾಯಮೂರ್ತಿ ಬಿ.ವಿ. ನಾಗರತ್ನ ಅವರು ಇದನ್ನೇ ಬರೆದರು. ಅವರ ತಂದೆ, ಮುಖ್ಯ ನ್ಯಾಯಮೂರ್ತಿಯಾಗಿದ್ದ ಇ.ಎಸ್. ವೆಂಕಟರಾಮಯ್ಯನವರು, ನಮ್ಮ ಪಾಂಡವಪುರ ತಾಲೂಕಿನವರು. ನಿರ್ದಿಷ್ಟ ಸಂಗತಿ ಹೇಳದೆ ಗಂಡನ ಮನೆಯ ಎಲ್ಲರನ್ನೂ ಎಳೆದುತಂದರೆ ಅದನ್ನು ಮೊಳಕೆಯಲ್ಲೇ ಚಿವುಟಬೇಕು ಅಂತ ಆ ತೀರ್ಪು ಹೇಳುತ್ತದೆ. ಪೇಪರಿನಲ್ಲಿ ಬಂದದ್ದು ಅಷ್ಟೇ. ಆದರೆ ಅದೇ ತೀರ್ಪಿನಲ್ಲಿ ಇನ್ನೊಂದು ಮಾತೂ ಇದೆ. ಕ್ರೌರ್ಯ ಅನುಭವಿಸಿದ ಹೆಣ್ಣು ಸುಮ್ಮನಿರಬೇಕು, ದೂರು ಕೊಡಬಾರದು ಅಂತ ನಾವು ಹೇಳುತ್ತಿಲ್ಲ ಅಂತ ಅವರು ಸ್ಪಷ್ಟವಾಗಿ ಬರೆದಿದ್ದಾರೆ. ಆ ಭಾಗವನ್ನೂ ಜನಕ್ಕೆ ಹೇಳಿ.

ಕೆಳಗಿನ ಕೋರ್ಟೇ ಬಿಟ್ಟುಬಿಟ್ಟರೆ? ಸರ್ಕಾರ ಅಪೀಲು ಹಾಕಬಹುದು. ಅದಕ್ಕೆ ಹೈಕೋರ್ಟಿನ ಅನುಮತಿ ಬೇಕು. ತವರಿನವರಿಗೂ ದಾರಿ ಇದೆ. 2009ರ ಡಿಸೆಂಬರ್ 31ರಿಂದ ಸಂತ್ರಸ್ತರಿಗೇ ಅಪೀಲಿನ ಹಕ್ಕು ಬಂದಿದೆ. 2018ರಲ್ಲಿ ನಮ್ಮ ಕರ್ನಾಟಕದಿಂದಲೇ ಹೋದ ಮಲ್ಲಿಕಾರ್ಜುನ ಕೊಡಗಲಿ ಪ್ರಕರಣದಲ್ಲಿ, ಅವರಿಗೆ ಹೈಕೋರ್ಟಿನ ಅನುಮತಿಯೂ ಬೇಕಿಲ್ಲ ಅಂತ ಸುಪ್ರೀಂ ಕೋರ್ಟು ಹೇಳಿತು. ಸತ್ತವಳ ವಾರಸುದಾರರೂ ಸಂತ್ರಸ್ತರೇ. ಆದರೆ ಭ್ರಮೆ ಬೇಡ. ಖುಲಾಸೆಯ ವಿರುದ್ಧದ ಅಪೀಲು ಏರು ದಾರಿ. 2007ರ ಚಂದ್ರಪ್ಪ ಪ್ರಕರಣ, ಅದೂ ಕರ್ನಾಟಕದ್ದೇ, ಇದರ ಅಳತೆಗೋಲು. ಮೇಲಿನ ಕೋರ್ಟಿಗೆ ಸಾಕ್ಷ್ಯವನ್ನೆಲ್ಲ ಮತ್ತೆ ತೂಗುವ ಪೂರ್ತಿ ಅಧಿಕಾರ ಇದೆ. ಆದರೆ ಆರೋಪಿ ನಿರಪರಾಧಿ ಎಂಬ ಊಹೆ ಖುಲಾಸೆಯಿಂದ ಇನ್ನೂ ಗಟ್ಟಿಯಾಗಿರುತ್ತದೆ. ಒಂದೇ ಸಾಕ್ಷ್ಯದಿಂದ ಎರಡು ಅಭಿಪ್ರಾಯ ಸಾಧ್ಯವಿದ್ದರೆ, ಬಿಟ್ಟದ್ದನ್ನು ಬದಲಿಸಬಾರದು.

ತಡವಾಗುವುದರ ಬಗ್ಗೆ ಹೇಳಲೇಬೇಕು. ಹರಿಯಾಣದಲ್ಲಿ ಒಬ್ಬಳು 1993ರಲ್ಲಿ ಸತ್ತಳು. ಗಂಡನಿಗೆ ಶಿಕ್ಷೆಯಾಯಿತು, ಹೈಕೋರ್ಟು ಒಪ್ಪಿತು. 2024ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟು ಅವನನ್ನು 306ರಿಂದ ಬಿಟ್ಟಿತು. ಈ ತೀರ್ಮಾನಕ್ಕೆ ಬರಲು ತಮಗೆ ಹತ್ತು ನಿಮಿಷವೂ ಬೇಕಾಗಲಿಲ್ಲ, ನಮ್ಮ ವ್ಯವಸ್ಥೆಯೇ ಒಂದು ಶಿಕ್ಷೆಯಾಗಬಹುದು ಎಂಬ ಅರ್ಥದ ಮಾತನ್ನು ನ್ಯಾಯಮೂರ್ತಿಗಳು ಬರೆದರು. ಮೂವತ್ತು ವರ್ಷ. ಅವನಿಗೂ ಶಿಕ್ಷೆ, ಅವಳ ಮನೆಯವರಿಗೂ ಶಿಕ್ಷೆ. ಇದಕ್ಕೆ ನನ್ನ ಬಳಿ ಸಮಾಧಾನದ ಮಾತಿಲ್ಲ.

ಪಂಚಾಯ್ತಿ ಕಟ್ಟೆಗೆ ಬರುತ್ತೇನೆ. ಅವಳು ಬದುಕಿದ್ದಾಗ ಎಷ್ಟೋ ಸಲ ತವರಿಗೆ ಓಡಿ ಬಂದಿರುತ್ತಾಳೆ. ಹಿರಿಯರು ಕೂತು, ಅವನಿಗೆ ಬುದ್ಧಿ ಹೇಳಿ, ಇವಳಿಗೆ "ಹೊಂದಿಕೊಂಡು ಹೋಗವ್ವ" ಅಂತ ಹೇಳಿ ಕಳಿಸುತ್ತಾರೆ. ಒಂದು ಸಾಲೂ ಬರೆದಿಡುವುದಿಲ್ಲ. ಮುಂದೆ ಅದೇ ಹಿರಿಯರು ಕೋರ್ಟಿನಲ್ಲಿ, "ಗಂಡ ಹೆಂಡಿರ ಸಣ್ಣಪುಟ್ಟ ಜಗಳ ಅಷ್ಟೇ ಸ್ವಾಮಿ" ಅನ್ನುತ್ತಾರೆ. ಎರಡೂ ಮನೆ ಬೇಕಲ್ಲ ಅಂತ. ಹೈಕೋರ್ಟಿನ ತೀರ್ಪಿನಲ್ಲಿ ಆ ಸಾಲೇ ಅಚ್ಚಾಗುತ್ತದೆ. ರಾಜಿ ಮಾಡಿದರೆ ತಾರೀಖು ಹಾಕಿ ಬರೆಯಿರಿ. ಅವನು ಏನು ಒಪ್ಪಿಕೊಂಡ ಅಂತ ಬರೆಯಿರಿ. ಅದಕ್ಕಿಂತ ಮೊದಲು ಅವಳನ್ನು ಕೇಳಿ, ವಾಪಸ್ ಹೋಗಲು ಇಷ್ಟವಿದೆಯಾ ಅಂತ. ಇಲ್ಲ ಅಂದರೆ ಕಳಿಸಬೇಡಿ. 2005ರ ಕೌಟುಂಬಿಕ ಹಿಂಸೆ ತಡೆ ಕಾಯ್ದೆಯಲ್ಲಿ ರಕ್ಷಣಾಧಿಕಾರಿ ಇದ್ದಾರೆ. ಮಹಿಳಾ ಸಹಾಯವಾಣಿ 181ಕ್ಕೆ ಫೋನು ಮಾಡಬಹುದು. ನೊಂದ ಹೆಂಗಸರಿಗೆ ನೆರವಾಗುವ ಸಾಂತ್ವನ ಕೇಂದ್ರಗಳಿವೆ. "ಸತ್ತೋಗ್ತೀನಿ" ಅಂತ ಅವಳು ಒಂದು ಸಲ ಅಂದರೂ ಅದನ್ನು ಬೆದರಿಕೆ ಅಂದುಕೊಳ್ಳಬೇಡಿ. ಜೊತೆಯಲ್ಲಿರಿ. 14416ಕ್ಕೆ ಫೋನು ಮಾಡಿ. ಅದು ಟೆಲಿ ಮಾನಸ್ ಎನ್ನುವ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ, ಪುಕ್ಕಟೆ, ಹಗಲು ರಾತ್ರಿ ಕನ್ನಡದಲ್ಲೂ ಮಾತಾಡುತ್ತಾರೆ. ಅಪೀಲೇ ಬೇಡದ ಹಾಗೆ ಮಾಡಲು ಇರುವ ಸಮಯ ಅದೊಂದೇ.

ಪ್ರಶ್ನೆಗಳಲ್ಲಿ ಒಬ್ಬ ವಿದ್ಯಾರ್ಥಿನಿ ಕೇಳಿದರು: ಆರೋಪಿಯ ವಕೀಲರು ಬರದೇ ಇದ್ದರೆ ಅಪೀಲು ವಜಾ ಆಗುತ್ತದಾ? ಆಗುವುದಿಲ್ಲ. ಕ್ರಿಮಿನಲ್ ಅಪೀಲನ್ನು ಹಾಜರಿಲ್ಲ ಅಂತ ವಜಾ ಮಾಡುವಂತಿಲ್ಲ, ಕಡತ ಓದಿ ತೀರ್ಮಾನಿಸಬೇಕು ಅಂತ 1996ರಲ್ಲೇ ಸುಪ್ರೀಂ ಕೋರ್ಟು ಹೇಳಿದೆ.

ಇನ್ನೊಂದು ಪ್ರಶ್ನೆ ಹಿಂದಿನ ಸಾಲಿನಲ್ಲಿದ್ದ ಅಜ್ಜಿಯೊಬ್ಬರದು. ಮಗಳು ಹೋದಳು, ಮೊಮ್ಮಗು ಉಳಿದಿದೆ. ಮಗುವಿನ ಹೆಸರಿಗೆ ಜಮೀನು ಬರೆದುಕೊಡುತ್ತೇವೆ, ಕೋರ್ಟಿನಲ್ಲಿ ನಮ್ಮ ವಿರುದ್ಧ ಹೇಳಬೇಡಿ ಅಂತ ಗಂಡನ ಕಡೆಯವರು ಕೇಳಿದರೆ ಏನು ಮಾಡಬೇಕು? ಸಭೆ ನಿಶ್ಶಬ್ದವಾಯಿತು, ಏಕೆಂದರೆ ಇದು ಎಲ್ಲರಿಗೂ ಗೊತ್ತಿರುವ ವಿಷಯ. ನಾನು ಹೇಳಿದ್ದು ಇದು. 498ಎ, 306, 304ಬಿ ಯಾವುದನ್ನೂ ನಮ್ಮಲ್ಲಿ ಎರಡು ಕಡೆಯವರು ಸೇರಿ ಕೋರ್ಟಿನಲ್ಲಿ ರಾಜಿ ಮಾಡಿಕೊಳ್ಳುವಂತಿಲ್ಲ. ಹಾಗಾಗಿ ಅವರು ಕೇಳುತ್ತಿರುವುದು ನಿಮ್ಮ ಸಾಕ್ಷಿಯನ್ನು. ಪ್ರಮಾಣ ಮಾಡಿ ಸುಳ್ಳು ಹೇಳುವುದು ನಿಮ್ಮ ಮೇಲೇ ಕೇಸಾಗುವ ಅಪರಾಧ. ಇನ್ನು ಜಮೀನು. ಪಿತ್ರಾರ್ಜಿತ ಆಸ್ತಿಯಾದರೆ ಹಿಂದೂ ಮಗುವಿಗೆ ಹುಟ್ಟಿದಾಗಲೇ ಅದರಲ್ಲಿ ಪಾಲಿದೆ. 2005ರ ತಿದ್ದುಪಡಿ ಆದ ಮೇಲೆ ಹೆಣ್ಣು ಮಗುವಿಗೂ ಇದೆ. ಮದುವೆಯಲ್ಲಿ ನೀವು ಕೊಟ್ಟ ವರದಕ್ಷಿಣೆಗೂ ನಿಯಮ ಇದೆ. ಮದುವೆಯಾಗಿ ಏಳು ವರ್ಷದೊಳಗೆ ಹೆಣ್ಣು ಸಹಜವಲ್ಲದ ರೀತಿಯಲ್ಲಿ ಸತ್ತರೆ ಅದು ಅವಳ ಮಕ್ಕಳಿಗೆ ಸೇರಬೇಕು, ಮಕ್ಕಳಿಲ್ಲದಿದ್ದರೆ ತಂದೆ ತಾಯಿಗೆ. ವರದಕ್ಷಿಣೆ ನಿಷೇಧ ಕಾಯ್ದೆಯ ಆರನೇ ಸೆಕ್ಷನ್ನಿನಲ್ಲಿದೆ. ಅಂದರೆ ಮಗುವಿನದೇ ಆದದ್ದನ್ನು ತೋರಿಸಿ ನಿಮ್ಮ ಬಾಯಿ ಮುಚ್ಚಿಸಲು ಬರುತ್ತಾರೆ.

ಅಜ್ಜಿ ಮತ್ತೆ ಕೇಳಿದರು, ಲಾಯರಿಗೆ ಕೊಡಲು ದುಡ್ಡೆಲ್ಲಿದೆ? ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ. ಹೆಂಗಸರಿಗೂ ಮಕ್ಕಳಿಗೂ ಆದಾಯದ ಮಿತಿ ಇಲ್ಲದೆ ವಕೀಲರನ್ನು ಕೊಡುತ್ತಾರೆ. ಮಗುವಿನ ಜನನ ಪ್ರಮಾಣಪತ್ರ, ಮದುವೆಯ ಕರೆಯೋಲೆ ಮತ್ತು ಫೋಟೋ, ಒಡವೆ ಅಂಗಡಿಯ ರಸೀದಿ ಇದ್ದರೆ ಅದು, ಗಂಡನ ಕಡೆಯವರ ಜಮೀನಿನ ಪಹಣಿ ಜೊತೆಗೆ ಒಯ್ಯಿರಿ.